ಧರಣಿ ಕೇಳಿದ ಒಪ್ಪಿಗೆ

ಹೋದ ವಾರ ಮಾನಂದವಾಡಿಯ ಡಾಕ್ಟರು ನನ್ನ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿ, "ಇನ್ನು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ" ಎಂದರು. ನಾನು ಕ್ಯಾನ್ಸರಿನವರೆಗೂ ಯೋಚಿಸಿಕೊಂಡು ಹೋಗಿದ್ದವನು. ಬರೀ ಗ್ಯಾಸು ಎಂದು ತಿಳಿದು ಸ್ವಲ್ಪ ನಿರಾಸೆಯೂ ಆಯಿತೆನ್ನಿ. ಇದೇ ಮಾತನ್ನು ನನ್ನಜ್ಜ ಫೀಸಿಲ್ಲದೆ ಹೇಳಿ ಹೇಳಿ ಹೋದ. ನಮ್ಮ ಜೈನರ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಊಟವಿಲ್ಲ. ನಾನು ಆ ನೇಮ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಔಷಧಿ ಅಂಗಡಿಯ ಮುಂದೆ ನಿಂತವನಿಗೆ ಧರಣಿ ನೆನಪಾದ.

ಕೇಣಿಚಿರದ ಆಚೆ ನಮ್ಮ ತೋಟಕ್ಕೆ ತಾಗಿಯೇ ಅವರ ತೋಟ. ಧರಣಿ ನನ್ನ ಓರಗೆಯವ. ಹೊಳೆಗೆ ಹಾರುವ ಮೊದಲು ಆಳ ಅಳೆಯುತ್ತ ನಿಲ್ಲುತ್ತಿದ್ದ ನನ್ನನ್ನು "ಏಯ್ ಪೇಡಿತೊಂಡಾ, ನೀರು ಕಚ್ಚುದಿಲ್ಲ!" ಎಂದು, ಪುಕ್ಕಲನಿಗೆ ಮಲಯಾಳದಲ್ಲಿ ಹೇಳುವ ಮಾತಲ್ಲೇ ಛೇಡಿಸುತ್ತಿದ್ದ. ಸೈನ್ಯಕ್ಕೆ ಆಳು ಆರಿಸುವ ದಿನ ನಾನೂ ಅವನ ಜೊತೆ ಹೋಗಬೇಕಿತ್ತು. ಹಿಂದಿನ ದಿನವೇ ಜ್ವರ ಬರಿಸಿಕೊಂಡೆ.

ಕಲಿತದ್ದು ಮಲಯಾಳದ ಶಾಲೆಯಲ್ಲಾದ್ದರಿಂದ ಅವನ ಕಾಗದಗಳೂ ಮಲಯಾಳದಲ್ಲೇ. ಅವನ ಅಮ್ಮ, ನನಗೆ ದೊಡ್ಡಮ್ಮ, ಅಕ್ಷರ ಕಲಿತವಳಲ್ಲ. ನಾನು ಇದ್ದದ್ದನ್ನು ಇದ್ದಂತೆ ಓದತೊಡಗಿದರೆ, "ನನ್ನ ಮಗ ನನ್ನತ್ರ ಮಲಯಾಳ ಮಾತಾಡಿದ್ದುಂಟಾ? ನಮ್ಮ ಮಾತಲ್ಲಿ ಹೇಳು ಮಗಾ" ಎನ್ನುವಳು. ಹಾಗೆ ಹೇಳುತ್ತ ಹೇಳುತ್ತ ಅಲ್ಲಿನ ಚಳಿಯನ್ನು ತುಸು ಇಳಿಸುವುದು, ರಜೆಯನ್ನು ತುಸು ಹತ್ತಿರ ತರುವುದು ನನಗೆ ಅಭ್ಯಾಸವಾಯಿತು.

ಯುದ್ಧ ಶುರುವಾದ ಮೇಲೆ ಬಂದ ಕೊನೆಯ ಕಾಗದದ ತುದಿಯಲ್ಲಿ ನನಗೆಂದೇ ಬರೆದಿದ್ದ: "ಹಗಲಲ್ಲಿ ಒಲೆ ಹೊತ್ತಿಸಿದರೆ ಹೊಗೆ ಕಂಡು ಗುಂಡು ಬೀಳುತ್ತದೆ. ಇಲ್ಲಿ ಕತ್ತಲಾದ ಮೇಲೇ ಊಟ. ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಅಮ್ಮನ ಒಪ್ಪಿಗೆ ಕೇಳಿ ಬರಿ." ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಕಾಣೆ. ದೊಡ್ಡಮ್ಮ ಇದನ್ನು ಕೇಳಿ ಉಪವಾಸ ಕೂತುಬಿಟ್ಟರೆ? ಗುಂಡು ಎಂದದ್ದಕ್ಕೇ ಎದೆ ಒಡೆದರೆ? "ಹೊತ್ತಿಗೆ ಸರಿಯಾಗಿ ಉಣ್ಣುತ್ತಾನಂತೆ" ಎಂದೆ. ಹಸು ಕರು ಹಾಕಿದ ಸುದ್ದಿಯನ್ನಷ್ಟೇ ಬರೆದು ಕಳಿಸಿದೆ. ಒಪ್ಪಿಗೆಯ ಮಾತು ಮುಂದಿನ ಕಾಗದಕ್ಕಿರಲಿ ಎಂದುಕೊಂಡೆ. ಅಷ್ಟರಲ್ಲಿ ಬಾವುಟ ಹೊದಿಸಿದ ಧರಣಿಯ ಪೆಟ್ಟಿಗೆ ಬಂತು.

"ಪಟ್ಟಾಳದಲ್ಲಿದ್ರೂ ನನ್ನ ಮಗ ನೇಮ ಬಿಡಲಿಲ್ಲ" ಎಂದು ದೊಡ್ಡಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಆಗೆಲ್ಲ ನಾನು ಏನೋ ಕೆಲಸ ನೆನಪಾದವನಂತೆ ಎದ್ದು ಹೊರಡುತ್ತಿದ್ದೆ. ಆ ಸಾಲು ಓದಿದವನು ಲೋಕದಲ್ಲಿ ನಾನೊಬ್ಬನೇ. ಮದುವೆಯಾಗಿ, ಮಕ್ಕಳಾಗಿ, ಮನೆ ತುಂಬ ಜನರಿದ್ದೂ ಅದರ ಜೊತೆ ಒಬ್ಬನೇ ಇದ್ದೆ.

ಡಾಕ್ಟರನ್ನು ಕಂಡು ಬಂದ ಆ ದಿನ ಬಸ್ಸಿಳಿದು ನೆಟ್ಟಗೆ ದೊಡ್ಡಮ್ಮನಲ್ಲಿಗೆ ಹೋದೆ. ಕಾಗದ ತರಿಸಿ, ಬಿಟ್ಟಿದ್ದನ್ನು ಓದಿದೆ. ಬೈಗುಳಕ್ಕೆ ತಯಾರಾಗಿದ್ದೆ, ಅವಳು ಕುಸಿದರೆ ಕರೆಯಲು ಜೀಪಿನವನ ನಂಬರನ್ನೂ ತೆಗೆದಿಟ್ಟುಕೊಂಡಿದ್ದೆ. ಅಕ್ಕಿ ಆರಿಸುತ್ತಿದ್ದ ಅವಳ ಕೈ ನಿಂತಿತು.

"ಮತ್ತೆ ಉಂಡನಾ?"

"ಗೊತ್ತಿಲ್ಲ ದೊಡ್ಡಮ್ಮ."

"ನೀನು ಬರೀಲಿಲ್ಲ?"

"ಇಲ್ಲ."

ಮೊರವನ್ನು ಪಕ್ಕಕ್ಕಿಟ್ಟಳು. "ಹಸಿವು ತಡೆಯುವವನಲ್ಲ ಅವ" ಎಂದಳು, ನನಗಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. "ಪೆನ್ನುಂಟಾ? ಯಾವ ಹೊತ್ತಾದ್ರೂ ಸರಿ, ಬಿಸಿ ಇರುವಾಗ ಉಣ್ಣು ಅಂತ ಬರಿ. ಅಮ್ಮ ಹೇಳಿದ್ಳು ಅಂತ ಬರಿ."

ಅವನಿಗೆ ಬರುತ್ತಿದ್ದ ಅಕ್ಷರದಲ್ಲಿ ಬರೆದೆ. ಎಲ್ಲಿಗೆ ಕಳಿಸುವುದೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಓದು" ಎಂದಳು.

ಬರೆದದ್ದನ್ನೇ ಓದಿದೆ.

"ಇನ್ನೊಂದ್ಸಲ" ಎಂದಳು.