ಸಮಪಾಲಿನ ಮಾತ್ರೆ

ಸಾಬೂನು ಕಾರ್ಖಾನೆಯಲ್ಲಿ ತಂತಿ ಹಿಡಿದು ಗಟ್ಟಿಗಳನ್ನು ಕತ್ತರಿಸುವ ಆ ಹೆಂಗಸಿಗೆ ಓಣಿಯವರು ಇಟ್ಟ ಹೆಸರು ತಕ್ಕಡಿ. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು ಒಂದೇ ಹಟದಿಂದ: ಮನೆಗೆ ಏನೇ ಬರಲಿ, ಸರಿಯಾಗಿ ಎರಡು ಪಾಲು. ಬಾಳೆಹಣ್ಣಿಗೂ ಚಾಕು ಇಡುತ್ತಿದ್ದಳು. “ಒಂದು ಸೊಳ್ಳೆ ಬಂದ್ರೂ ಇಬ್ರಿಗೂ ಸಮ ಸಮ ಕಚ್ಚಿಸ್ತಾಳೆ ನಮ್ಮ ತಕ್ಕಡಿ” ಎಂದು ಪಕ್ಕದ ಕೋಣೆಯವಳು ನಗುತ್ತಿದ್ದಳು. ನಕ್ಕರೆ ನಗಲಿ. ಮಲತಾಯಿಯ ಕೈಯಲ್ಲಿ ಬೆಳೆದವಳಿಗೆ ಆ ಹಟ ಎಲ್ಲಿಂದ ಬಂತೆಂದು ಯಾರು ಕೇಳಿದ್ದರು?

ಇದ್ದದ್ದು ಕಿಟಕಿಯಿಲ್ಲದ ಒಂದೇ ಕೋಣೆ, ಬೇಸಿಗೆಯಲ್ಲೂ ಗೋಡೆ ಬೆವರುತ್ತಿತ್ತು. ದೊಡ್ಡವಳು ಕೆಮ್ಮಿ ಕೆಮ್ಮಿ ರಕ್ತ ಕಾರಿದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯ ಎಂದರು, ಮಾತ್ರೆ ಪುಕ್ಕಟೆ ಕೊಟ್ಟರು. ಅಷ್ಟರಲ್ಲೇ ಚಿಕ್ಕವಳೂ ಕೆಮ್ಮತೊಡಗಿದಳು. ಕರೆದೊಯ್ದಿದ್ದರೆ ಅವಳಿಗೂ ಮಾತ್ರೆ ಸಿಗುತ್ತಿತ್ತು. ಆದರೆ ಕೋಣೆಯ ಮಾಲೀಕ ಬಾಗಿಲಲ್ಲಿ ನಿಂತು, “ಒಬ್ಬಳು ಅಂತ ಸುಮ್ನಿದ್ದೀನಿ. ಇನ್ನೊಬ್ಬಳಿಗೂ ಬಂತು ಅಂದ್ರೆ ಗಂಟುಮೂಟೆ ಕಟ್ಟಿ” ಎಂದು ಹೇಳಿಹೋಗಿದ್ದ. ಅವನ ಬಾಯಿಗೆ ಮಣ್ಣು ಹಾಕ! ಹೇಳಲು ಹೊಟ್ಟೆ ಉರಿಯುತ್ತದೆ, ತಕ್ಕಡಿ ಮಾತ್ರೆಗೂ ಚಾಕು ಇಟ್ಟಳು. ಇಬ್ಬರ ಕೆಮ್ಮೂ ಇಳಿಯಿತು. ದೇವರು ಕಣ್ಣುಬಿಟ್ಟ ಎಂದುಕೊಂಡಳು.

ಮಳೆಗಾಲಕ್ಕೆ ರೋಗ ತಿರುಗಿಬಿತ್ತು. ಇಬ್ಬರೂ ಹಾಸಿಗೆ ಹಿಡಿದಾಗ ಮಾಲೀಕ ಹಾಳಾಗಿಹೋಗಲಿ ಎಂದು ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪರೀಕ್ಷೆಗಳೆಲ್ಲ ಆದ ಮೇಲೆ, ನಡೆದದ್ದನ್ನು ಅವಳ ಬಾಯಿಂದಲೇ ಕೇಳಿ ಡಾಕ್ಟರಮ್ಮ ತಲೆಯ ಮೇಲೆ ಕೈಹೊತ್ತರು.

“ಅರ್ಧ ಮಾತ್ರೆಗೆ ರೋಗ ಸಾಯಲ್ಲಮ್ಮ, ಗಟ್ಟಿಯಾಗುತ್ತೆ. ಈಗ ಆ ಮಾತ್ರೆ ಇಬ್ರಿಗೂ ಕೆಲಸ ಮಾಡಲ್ಲ. ಬೇರೆ ಔಷಧಿ ಇದೆ, ವಾರ್ಡಲ್ಲೇ ಇಟ್ಕೊಂಡು ಕೊಡ್ಬೇಕು. ಖಾಲಿ ಇರೋದು ಒಂದೇ ಹಾಸಿಗೆ.”

“ಅರ್ಧರ್ಧ ದಿನ ಇಟ್ಕೊಳ್ಳಿ ತಾಯಿ” ಎಂದಳು ತಕ್ಕಡಿ.

ಡಾಕ್ಟರಮ್ಮನಿಗೆ ಬಯ್ಯಲೂ ಮನಸ್ಸಾಗಲಿಲ್ಲ. ಚಿಕ್ಕವಳ ಶ್ವಾಸಕೋಶ ಇನ್ನೂ ಅಷ್ಟು ಕೆಟ್ಟಿಲ್ಲ, ಉಳಿಯುವ ಸಾಧ್ಯತೆ ಅವಳಿಗೇ ಹೆಚ್ಚು ಎಂದು ಅವಳನ್ನು ಸೇರಿಸಿಕೊಂಡರು. “ಇನ್ನೊಂದು ಹಾಸಿಗೆ ಸಿಕ್ಕಿದ್ರೆ ಹೇಳಿಕಳಿಸ್ತೀವಿ” ಎನ್ನುವಾಗ ದೊಡ್ಡವಳ ಮುಖ ನೋಡಲಿಲ್ಲ.

ಹೊರಗೆ ಬರುವಷ್ಟರಲ್ಲಿ ದೊಡ್ಡವಳು ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಸಿದು ಕೂತಳು. ತಾಯಿ ಬೆನ್ನು ನೀವುತ್ತಿದ್ದಳು.

“ಅಮ್ಮ, ಮಾತ್ರೆ ಪೂರ್ತಿ ನನಗೇ ಕೊಟ್ಟಿದ್ರೆ ನಾನು ಉಳೀತಿದ್ನಾ?”

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದೂ ಇತ್ತು.

“ಹೂಂ ಕಣೇ. ಉಳೀತಿದ್ದೆ.”

ಮಗಳು ಸೆರಗಿಗೆ ಬಾಯಿ ಒತ್ತಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ತಾಯಿಯ ಕೈ ಹಿಡಿದುಕೊಂಡು, “ಅವಳಿಗೆ ಇದನ್ನ ಹೇಳ್ಬೇಡಮ್ಮ” ಎಂದಳು.