ತೊಟ್ಟಿಯ ಬೀಗ

ನಮ್ಮ ದೊಡ್ಡಮ್ಮ ತನ್ನ ನೆರಳನ್ನೇ ನಂಬದವಳು. ಹಾಲಿಗೆ ನೀರು ಬೆರೆಸಿದ್ದಾರೆ, ಅಂಗಡಿಯ ತಕ್ಕಡಿ ಸರಿಯಿಲ್ಲ, ಡಾಕ್ಟರು ಕೊಟ್ಟ ಮಾತ್ರೆ ಹಳೆಯದು. ದೊಡ್ಡಪ್ಪ ತೀರಿಕೊಂಡ ಮೇಲೆ ಬ್ರಾಯ್ಲರ್ ಕೋಳಿ ಶೆಡ್ಡನ್ನು ಒಬ್ಬಳೇ ನಡೆಸಿದವಳು. ಆ ಅನುಮಾನವೇ ಅವಳನ್ನು ಕಾಪಾಡಿತು ಎಂದು ನಾನೂ ಒಪ್ಪುತ್ತೇನೆ. ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟವಳೇ ನೆಲಕ್ಕೆ ಹಾಸಿದ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ನೋಡುವಳು. ಉದುರಿದರೆ ಕೋಳಿಗಳು ಆರೋಗ್ಯವಾಗಿವೆ, ಮುದ್ದೆಯಾಗಿ ಅಂಟಿದರೆ ಭೇದಿ.

ಇಂಥವಳಿಗೆ ಸಿಕ್ಕ ಅಳಿಯ ಕೋಳಿ ಔಷಧ ಮಾರುವವನು! ಪಕ್ಕದ ಬೀದಿಯಲ್ಲೇ ಮನೆ. ಮರಿಗಳಿಗೆ ಭೇದಿ ಶುರುವಾದಾಗ ಒಂದು ಪುಡಿಯ ಪೊಟ್ಟಣ ತಂದುಕೊಟ್ಟ. "ಅತ್ತೆ, ಕುಡಿಯೋ ನೀರಿಗೆ ಬೆರೆಸಿ. ಮರಿಗಳ ಕರುಳು ಸರಿಹೋಗುತ್ತೆ, ತಿಂದದ್ದು ಮೈಗೆ ಹತ್ತುತ್ತೆ."

ದೊಡ್ಡಮ್ಮ ಮೂಸಿದಳು, ನಾಲಿಗೆಗೆ ಹಚ್ಚಿಕೊಂಡಳು. "ಬರೀ ಹಿಟ್ಟು ಕಣೇ" ಎಂದು ನನ್ನ ಕಿವಿಯಲ್ಲಿ ಉಸುರಿದಳು. ಆದರೂ ಮಗಳ ಮುಖ ನೋಡಿ ಬೆರೆಸತೊಡಗಿದಳು.

ಭೇದಿ ನಿಲ್ಲಲಿಲ್ಲ. ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಸೇರಿದವು. ದೊಡ್ಡಮ್ಮ ಕೆಂಡವಾದಳು. ಮಗಳ ಎದುರೇ ಪೊಟ್ಟಣವನ್ನು ಅಳಿಯನ ಮುಂದೆ ಎಸೆದಳು. "ಮನೆಯವರಿಗೇ ಟೋಪಿ ಹಾಕ್ತೀರಾ ಅಳಿಯಂದ್ರೇ?"

ದೊಡ್ಡಮ್ಮನ ಮಗಳು, ನನ್ನ ಅಕ್ಕ, ಎದ್ದು ನಿಂತಳು. "ಇವರು ಮೋಸಗಾರರಾದ್ರೆ ನಾನೂ ಮೋಸಗಾರ್ತಿನೇ ಅಮ್ಮ. ಇನ್ನು ಈ ಹೊಸಲು ತುಳಿಯಲ್ಲ."

ದೊಡ್ಡಮ್ಮನಿಗೆ ಇರುವವಳು ಒಬ್ಬಳೇ ಮಗಳು.

ಭಾವ ಪೊಟ್ಟಣ ಎತ್ತಿಕೊಂಡು ನೀರಿನ ತೊಟ್ಟಿಯ ಬಳಿ ನಡೆದ. ಅದಕ್ಕೂ ಬೀಗ! ಯಾರಾದರೂ ವಿಷ ಹಾಕಿಯಾರೆಂಬ ಭಯ. ಸೊಂಟದಲ್ಲಿದ್ದ ಕೀಲಿಯನ್ನು ದೊಡ್ಡಮ್ಮ ನನ್ನ ಕೈಗೂ ಕೊಟ್ಟವಳಲ್ಲ. ಗೊಣಗುತ್ತ ತೆರೆದಳು. ಭಾವ ಬಗ್ಗಿ ಮೂಸಿದ.

"ಅತ್ತೆ, ಇದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿದ್ದೀರಾ?"

"ಮತ್ತೆ? ಬಾವಿ ನೀರನ್ನ ನಂಬೋಕಾಗುತ್ತಾ? ನಿಮ್ಮ ಪುಡಿ ಮೇಲೂ ನಂಬಿಕೆ ಇರ್ಲಿಲ್ಲ. ಅದಕ್ಕೇ ಒಂದು ಹಿಡಿ ಜಾಸ್ತಿನೇ ಹಾಕ್ದೆ."

ಭಾವ ಕಟ್ಟೆಯ ಮೇಲೆ ಕುಸಿದ. "ಅದು ಜೀವ ಇರೋ ಪುಡಿ ಅತ್ತೆ, ಮೊಸರಿನ ಹೆಪ್ಪಿನ ಹಾಗೆ. ಕರುಳಲ್ಲಿ ಒಳ್ಳೇ ಜೀವಾಣು ಬೆಳೀಲಿ ಅಂತ ಕೊಟ್ಟೆ. ಕೋಳಿ ಬಾಯಿಗೆ ಹೋಗೋ ಮೊದಲೇ ಎಲ್ಲಾ ಇಲ್ಲೇ ಸತ್ತಿವೆ."

ಜೀವಮಾನದಲ್ಲಿ ಮೊದಲ ಸಲ ದೊಡ್ಡಮ್ಮ ಅನುಮಾನದಿಂದ ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಕೀಲಿ ಬಿಚ್ಚಿ ಭಾವನ ಅಂಗೈಯಲ್ಲಿಟ್ಟಳು. "ಇನ್ಮೇಲೆ ನೀರಿನ ಉಸಾಬರಿ ನಿಮ್ಮದು."

ಅಕ್ಕ ಅಳುತ್ತ ಅಮ್ಮನ ಪಕ್ಕ ಕೂತಳು. ಭಾವ ತೊಟ್ಟಿ ತೊಳೆದು, ಹೊಸ ನೀರು ತುಂಬಿಸಿ, ಬೀಗ ಹಾಕಿ ಬಂದ. ದೊಡ್ಡಮ್ಮ ಮೆಲ್ಲಗೆ ಎದ್ದು ಅತ್ತ ಹೊರಟಳು, ಬೀಗ ಎಳೆದು ನೋಡುವುದಕ್ಕೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡೆ.

ಅರ್ಧ ದಾರಿಯಲ್ಲಿ ನಿಂತಳು. ಹಿಂದಿರುಗಿ ಬಂದು ಮಗಳ ಪಕ್ಕ ಕೂತಳು.