ತಟ್ಟೆಯಂಚಿನ ಹೆಬ್ಬೆರಳು

ನರ್ಸಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಹೆಬ್ಬೆರಳನ್ನು ನನ್ನ ತಟ್ಟೆಯ ಅಂಚಿಗೆ ಒತ್ತಿ ಕೂತರೆಂದರೆ, ಕೊನೆಯ ತುತ್ತು ಗಂಟಲಿಳಿಯುವವರೆಗೆ ಎತ್ತುತ್ತಿರಲಿಲ್ಲ. ತಟ್ಟೆಯನ್ನು ಆಚೆ ತಳ್ಳುವ ಹಾಗೇ ಇರಲಿಲ್ಲ.

ಆಗ ನನಗೆ ಇಪ್ಪತ್ತಾರು. ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಅದಿರು ಲಾರಿಗಳ ದುಡ್ಡು ಬಂದು ಬೀಳುತ್ತಿತ್ತು, ನಾನೊಬ್ಬಳು ಒಣಗುತ್ತಿದ್ದೆ. ಸೋಮವಾರದ ಉಪವಾಸ ವಾರವಿಡೀ ಹಬ್ಬಿತ್ತು. ದಪ್ಪಗಾಗುವ ಭಯ ನನ್ನದು. ಅವ್ವ ಮಾತ್ರ ಬಂದವರಿಗೆಲ್ಲ "ನಮ್ಮ ಹುಡುಗಿದು ಭಾಳ ನೇಮ ನೋಡ್ರಿ" ಎಂದು ಬೀಗುತ್ತಿದ್ದಳು. ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದ ಮೇಲೆ ಆಸ್ಪತ್ರೆಗೆ ಸೇರಿಸಿದರು. ಊಟ ಬಿಟ್ಟವರಿಗೆಂದೇ ಅಲ್ಲೊಂದು ಕೋಣೆಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಸಿರುಗುಪ್ಪದ ಈ ನರ್ಸಮ್ಮ.

ಅವರ ಮುಖದಲ್ಲಿ ನಾನು ಕರುಣೆ ಕಂಡವಳಲ್ಲ. ದಿಂಬಿನಡಿ ಬಚ್ಚಿಟ್ಟ ರೊಟ್ಟಿ ಸಿಕ್ಕರೆ ಬೈಯದೆ ಇನ್ನೊಂದು ತಂದು ಮತ್ತೆ ಹೆಬ್ಬೆರಳು ಒತ್ತಿ ಕೂಡುತ್ತಿದ್ದರು. ರಂಜಾನ್ ತಿಂಗಳ ಒಂದು ಸೋಮವಾರ, ಇವತ್ತು ಉಪವಾಸವೆಂದು ಹಟ ಹಿಡಿದೆ.

"ನಾನೂ ರೋಜಾ ಹಿಡ್ದೀನಿ ತಂಗಿ. ಸಂಜಿಗೆ ಬಿಡ್ತೀನಿ. ನೀ ಯಾವಾಗ ಬಿಡ್ತೀ?"

ತಟ್ಟೆ ತುಂಬ ಅನ್ನ ಉಂಡೆ. ಉಣ್ಣಿಸಿದರಲ್ಲ ಎಂದು ಅವರ ಮೇಲೆ ಹಗೆ ಹುಟ್ಟಿತು.

ಮರುದಿನ ಅಪ್ಪ ಬಂದಾಗ ಹೇಳಿದೆ: "ಈಕಿ ನನ್ನ ಅನ್ನದಾಗ ತತ್ತಿ ಕಲಸ್ಯಾಳಪ್ಪ."

ಶುದ್ಧ ಸುಳ್ಳು. ಲಿಂಗ ಕಟ್ಟಿದ, ಮೊಟ್ಟೆ ಮುಟ್ಟದ ಮನೆಯವರಿಗೆ ಅಷ್ಟೇ ಸಾಕಿತ್ತು. ಲಾರಿ ಮಾಲೀಕರ ಮಾತಿಗೆ ಯಾರೂ ಎದುರಾಡದ ಕಾಲ ಅದು. ಸಂಜೆಯೊಳಗೆ ನರ್ಸಮ್ಮನನ್ನು ಕೆಲಸದಿಂದ ತೆಗೆದರು. ನಡೆಸುವವರಿಲ್ಲದೆ ಕೋಣೆಗೂ ಬೀಗ ಬಿತ್ತು. ನನ್ನ ಹಾಗೇ ಊಟ ಬಿಟ್ಟಿದ್ದ, ಪಕ್ಕದ ಮಂಚದ ಕುರುಗೋಡಿನ ಟೀಚರನ್ನು ಮನೆಯವರು ಕರೆದೊಯ್ದರು. ಎರಡು ತಿಂಗಳಿಗೆ ಆಕೆ ತೀರಿಕೊಂಡಳೆಂದು ಸುದ್ದಿ ಬಂತು.

ಅವಳನ್ನು ಕೊಂದವಳು ನಾನೇ. ಆವತ್ತು ನನ್ನದೇ ಹೆಬ್ಬೆರಳನ್ನು ತಟ್ಟೆಗೆ ಒತ್ತಿಕೊಂಡು ಉಂಡೆ. ಹಾಗೆ ಉಣ್ಣುತ್ತ ಉಣ್ಣುತ್ತ ಬದುಕಿದೆ.

ಎರಡು ವರ್ಷದ ಮೇಲೆ ಸಿರುಗುಪ್ಪಕ್ಕೆ ಹೋಗಿ ತಪ್ಪಾಯಿತೆಂದು ಕಾಲು ಹಿಡಿದೆ. ನರ್ಸಮ್ಮ ಅನ್ನ, ಪುಂಡಿಪಲ್ಯ ಬಡಿಸಿ ಎದುರು ಕೂತರು. ಕೈ ಮಡಿಲಲ್ಲೇ ಇತ್ತು. ತಟ್ಟೆ ಖಾಲಿಯಾದ ಮೇಲೆ ಕೇಳಿದರು: "ಟೀಚರಮ್ಮ ಹೋದ್ದು ಗೊತ್ತೈತೇನು?"

"ಗೊತ್ತೈತ್ರಿ."

"ನೀ ಉಂಡಿ. ಛಲೋ ಆತು. ಇನ್ನ ಇಲ್ಲಿಗೆ ಬರಬ್ಯಾಡ."

ಹೋಗಲಿಲ್ಲ. ಅವರು ತೀರಿಕೊಂಡದ್ದು ತಿಳಿದ ದಿನವೂ ಹೋಗಲಿಲ್ಲ. ಅಂದು ಉಣ್ಣುವ ಮನಸ್ಸಿರಲಿಲ್ಲ. ಊಟ ಬಿಡುವ ಹಕ್ಕೂ ನನಗಿರಲಿಲ್ಲ. ಹೆಬ್ಬೆರಳು ಒತ್ತಿಕೊಂಡು ಪೂರ್ತಿ ಉಂಡೆ.